ಮೂರನೆಯ ಸಲ ಕೂಗಿದ ಕಂಪ್ಯೂಟರು

ಕಂಪ್ಯೂಟರು ಮತ್ತೆ ಕೂಗಿತು. ಉದ್ದಕ್ಕೆ ಒಂದು ಬೀಪ್, ಸ್ವಲ್ಪ ಬಿಟ್ಟು ಇನ್ನೊಂದು. ಪರದೆ ಮಾತ್ರ ಕಾಡಿಗೆ ಬಳಿದ ಹಾಗೆ ಕಪ್ಪಗೆ ಕೂತಿತ್ತು.

"ಮೂರನೇ ಸಲ!" ಅತ್ತೆ ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿದರು. "ಮೆಲ್ಲಮ್ಮ, ಫೋನ್ ಮಾಡು ನಿನ್ನ ಡಾಕ್ಟರಿಗೆ. ರೋಗಿ ಮತ್ತೆ ಮಲಗಿದಾನೆ ಅನ್ನು."

"ನನ್ನ ಡಾಕ್ಟರಲ್ಲ," ಎಂದಳು ಅವಳು.

ಅದು ಯಾರಿಗೂ ಕೇಳಿಸಲಿಲ್ಲ. ಕಸೂತಿ ಮೆಷಿನ್ನಿನ ಗದ್ದಲದಲ್ಲಿ ಅವಳ ಮಾತು ಯಾರಿಗೂ ಕೇಳಿಸುತ್ತಿರಲಿಲ್ಲ. ಅದಕ್ಕೇ ಅಲ್ಲವೆ ಅತ್ತೆ ಅವಳಿಗೆ ಮೆಲ್ಲಮ್ಮ ಎಂದು ಹೆಸರಿಟ್ಟದ್ದು. ಅಂಗಡಿಗೆ ಬರುವ ಗಿರಾಕಿಗಳಿಗೂ ಈಗ ಅದೇ ಹೆಸರು ರೂಢಿಯಾಗಿತ್ತು.

ಓದು ಅರ್ಧಕ್ಕೇ ನಿಂತಾಗ ಅತ್ತೆಯೇ ಅವಳನ್ನು ಕರೆದು ತಂದು ಈ ಅಂಗಡಿಯಲ್ಲಿ ಕೂರಿಸಿದ್ದರು. ಅತ್ತೆಯ ಬಾಯಿ ಜೋರು, ಕೈ ದೊಡ್ಡದು. ಮೊದಲು ದಾರ ಪೋಣಿಸುವುದು, ಆಮೇಲೆ ಮೆಷಿನ್ ನಡೆಸುವುದು, ಕೊನೆಗೆ ಕಂಪ್ಯೂಟರಿನಲ್ಲಿ ಡಿಸೈನು ಬಿಡಿಸುವುದು. ಒಂದೊಂದನ್ನೂ ಅವಳು ನೋಡಿ ನೋಡಿಯೇ ಕಲಿತಳು. ಸಂಗೀತ ತಂಡವೊಂದು ತಮ್ಮ ಕೋಟುಗಳ ಬೆನ್ನಿಗೆ ರೆಕ್ಕೆ ಬಿಚ್ಚಿದ ದೊಡ್ಡ ಹಕ್ಕಿ ಬೇಕು ಎಂದಾಗ ತೊಂದರೆ ಶುರುವಾಯಿತು. ಹಳೆಯ ಕಂಪ್ಯೂಟರು ಒಂದು ರೆಕ್ಕೆ ತೋರಿಸಿ ಸುಸ್ತಾಗಿ ನಿಂತುಬಿಡುತ್ತಿತ್ತು.

"ಮೆಮೊರಿ ಸಾಲ್ತಾ ಇಲ್ಲ. ಇನ್ನೊಂದು ರ‍್ಯಾಮ್ ಹಾಕಿದ್ರೆ ಓಡುತ್ತೆ," ಎಂದಿದ್ದ ಅದನ್ನು ನೋಡಲು ಬಂದ ರಿಪೇರಿಯವನು, ಅತ್ತೆಯ ಬಾಯಲ್ಲಿ 'ಡಾಕ್ಟರು'.

ಆ ದಿನ ಅವಳು ಪಕ್ಕದಲ್ಲೇ ನಿಂತು ನೋಡುತ್ತಿದ್ದಳು. ಅವನು ಕಂಪ್ಯೂಟರಿನ ಡಬ್ಬಿ ಬಿಚ್ಚಿದ. ಒಳಗೆ ಬಣ್ಣದ ದಾರದ ಎಳೆಗಳು, ಧೂಳು. ಬೇರೆ ಯಾರಾದರೂ ಆಗಿದ್ದರೆ "ಸ್ವಲ್ಪ ಆ ಕಡೆ ನಿಲ್ಲಮ್ಮ" ಎನ್ನುತ್ತಿದ್ದರು. ಅವನು ಹಾಗೆನ್ನಲಿಲ್ಲ. ರ‍್ಯಾಮಿನ ಹಸಿರು ಪಟ್ಟಿಯೊಂದನ್ನು ಅವಳ ಕಡೆಗೇ ಚಾಚಿದ.

"ನೀವೇ ಕೂರಿಸಿ."

"ನಾನಾ? ಮುರಿದ್ರೆ?"

"ಸೂಜಿ ಕಣ್ಣಲ್ಲಿ ದಾರ ತೂರಿಸೋ ಕೈ ಅದು. ಮುರಿಯಲ್ಲ. ಮೊದಲು ವೈರ್ ಕಿತ್ತಿಡಿ, ಮೈಯಲ್ಲಿನ ಕರೆಂಟು ಹೋಗ್ಲಿ ಅಂತ ಈ ತಗಡು ಮುಟ್ಟಿ, ಆಮೇಲೆ ಒತ್ತಿ. ಎರಡೂ ಕಡೆ ಟಕ್ ಅನ್ನಬೇಕು."

ಟಕ್ ಎಂದಿತು. ಪರದೆಯ ಮೇಲೆ ಹಕ್ಕಿ ಎರಡೂ ರೆಕ್ಕೆ ಬಿಚ್ಚಿತು. ಅವಳು ತಲೆ ಎತ್ತಿದಾಗ ಅವನು ಹಕ್ಕಿಯನ್ನು ನೋಡುತ್ತಿರಲಿಲ್ಲ. ಅವಳ ಮುಖದ ಮೇಲಿನ ಖುಷಿಯನ್ನು ನೋಡುತ್ತಿದ್ದ. ಸಿಕ್ಕಿಬಿದ್ದವನ ಹಾಗೆ ತಟ್ಟನೆ ಬಗ್ಗಿ ಸ್ಕ್ರೂ ಹುಡುಕತೊಡಗಿದ. ಸ್ಕ್ರೂ ಅವನ ಕೈಯಲ್ಲೇ ಇತ್ತು.

ಆ ರಾತ್ರಿ ಅವಳಿಗೆ ಅದನ್ನು ಹೇಳಿಕೊಳ್ಳಲು ಮಾತು ಸಿಗಲಿಲ್ಲ. ಪ್ರೀತಿ ಎಂಬ ದೊಡ್ಡ ಮಾತು ಆಗಿನ್ನೂ ಅವಳ ಹತ್ತಿರ ಸುಳಿದಿರಲಿಲ್ಲ. ನಿನಗೆ ಇದೆಲ್ಲ ಗೊತ್ತಾಗಲ್ಲ ಎನ್ನದೆ ಕೈಗೆ ಕೊಟ್ಟನಲ್ಲ, ಅಷ್ಟಕ್ಕೇ ಅವಳ ಮನಸ್ಸು ತುಂಬಿ ಬಂದಿತ್ತು.

ಅದಾದ ಮೇಲೆ ವಾರ ಕಳೆಯುವುದರೊಳಗೆ ಕಂಪ್ಯೂಟರು ಕೂಗಿತು. ಅವನು ಬಂದು ರ‍್ಯಾಮ್ ಬದಲಾಯಿಸಿದ. ಮುಂದಿನ ವಾರ ಮತ್ತೆ ಕೂಗು. ಬಂದು ಜಾಗ ಬದಲಿಸಿ ಕೂರಿಸಿದ. ಈಗ ಮೂರನೆಯ ಸಲ.

ಬಾಗಿಲಲ್ಲಿ ಅವನು ಬ್ಯಾಗು ಇಳಿಸುವ ಮೊದಲೇ ಅತ್ತೆ ಶುರು ಮಾಡಿದರು.

"ಏನಪ್ಪ, ನೀನು ಇರೋ ತನಕ ಬೆಕ್ಕಿನ ಮರಿ ಹಾಗೆ ಸುಮ್ನಿರುತ್ತೆ. ನೀನು ಹೋದ್ಮೇಲೆ ಕೂಗುತ್ತೆ. ಮತ್ತೆ ಬರೋಕೆ ನೆಪ ಇರ್ಲಿ ಅಂತ ನೀನೇ ಏನಾದ್ರೂ ಸಡಿಲ ಬಿಟ್ಟು ಹೋಗ್ತಿದೀಯಾ?"

ಮೂಲೆಯಲ್ಲಿ ಗುಂಡಿ ಹಚ್ಚುವ ಅಕ್ಕ ಕಿಸಕ್ಕನೆ ನಕ್ಕಳು. "ಕಾಫಿ ಚೆನ್ನಾಗಿರುತ್ತೆ ಅಂತ ಬರ್ತಾನೇನೋ."

"ಕಾಫಿ ಮಾಡೋರು ಚೆನ್ನಾಗಿದಾರೆ ಅಂತ ಬರ್ತಾನೆ. ನನಗೆ ಕಣ್ಣಿಲ್ವಾ?" ಎಂದ ಅತ್ತೆ ಮುಖ ಗಟ್ಟಿ ಮಾಡಿಕೊಂಡರು. "ತಮಾಷೆ ಸಾಕು. ಕೋಟುಗಳು ಹಾಗೇ ಬಿದ್ದಿವೆ. ಇವತ್ತು ಸರಿಮಾಡಿ ಹೋಗು. ಇನ್ನು ಮೇಲೆ ಬೇರೆಯವರನ್ನ ಕರೆಸ್ತೀನಿ. ನೀನು ಈ ಮೆಟ್ಟಿಲು ಹತ್ತೋದು ಬೇಡ."

ಅವನ ಕಿವಿ ಕೆಂಪಾಯಿತು. ಡಬ್ಬಿ ಬಿಚ್ಚಿ ಕೆಲಸಕ್ಕೆ ಕೂತ. ಇನ್ನು ಬರುವುದಿಲ್ಲ ಎಂಬ ಒಂದೇ ಮಾತು ಅವಳ ಎದೆಯಲ್ಲಿ ಮೆಷಿನ್ನಿನ ಸೂಜಿಯ ಹಾಗೆ ಕುಟ್ಟುತ್ತಿತ್ತು.

ಹಳೆಯ ರ‍್ಯಾಮ್ ತೆಗೆದು ಹೊಸದೊಂದನ್ನೇ ಉಳಿಸಿ ನೋಡಿದ. ಬೀಪ್. ಹೊಸದು ತೆಗೆದು ಹಳೆಯದೊಂದನ್ನೇ ಹಾಕಿದ. ಬೀಪ್. ಹುಬ್ಬು ಗಂಟಿಕ್ಕಿತು. ಎರಡೂ ಒಟ್ಟಿಗೆ ಕೆಡುವುದುಂಟೆ? ಜೇಬಿನಿಂದ ಪೆನ್ಸಿಲ್ ಅಳಿಸುವ ರಬ್ಬರ್ ತೆಗೆದು, ರ‍್ಯಾಮಿನ ಅಂಚಿನ ಚಿನ್ನದ ಬಣ್ಣದ ಹಲ್ಲುಗಳನ್ನು ಉಜ್ಜಿದ. ರಬ್ಬರ್ ಜಾರಿತು. ಮತ್ತೆ ಉಜ್ಜಿದ. ನೂಲಿನ ಧೂಳು ಕಪ್ಪಗೆ ಅಂಟಂಟಾಗಿ ಬಂತು.

ಬೆರಳನ್ನು ಮೂಗಿನ ಹತ್ತಿರ ಒಯ್ದ.

ನಿಧಾನವಾಗಿ ಅವನ ನೋಟ ಕಿಟಕಿಯ ಕಡೆ ಹೋಯಿತು. ಅಲ್ಲಿ ಉದ್ದ ಮೂತಿಯ ಎಣ್ಣೆ ಡಬ್ಬಿ ಇತ್ತು. ಹೊಲಿಗೆ ಮೆಷಿನ್ನಿಗೆ ಬಿಡುವ ಎಣ್ಣೆ. ಅಲ್ಲಿಂದ ಆ ನೋಟ ಅವಳ ಕಡೆ ಬಂತು.

ಅವಳಿಗೆ ಎಲ್ಲ ಹೊಳೆದುಹೋಯಿತು. ಎಣ್ಣೆಗೆ ಧೂಳು ಅಂಟಿಯೇ ಕಂಪ್ಯೂಟರು ಕೂಗುತ್ತಿತ್ತು.

ವಾರಕ್ಕೊಮ್ಮೆ ಎಲ್ಲ ಮೆಷಿನ್ನುಗಳ ಧೂಳು ಒರೆಸಿ ಎಣ್ಣೆ ಬಿಡುವುದು ಅವಳ ಕೆಲಸ. ಯಾವ ಭಾಗ ಬಿಚ್ಚಿದರೂ ಒಂದು ಹನಿ ಬಿಟ್ಟೇ ಮತ್ತೆ ಕೂರಿಸಬೇಕು ಎಂಬುದು ಅತ್ತೆ ಕಲಿಸಿದ ಮೊದಲ ಪಾಠ. ಅವನು ಕಲಿಸಿದ್ದು ಮರೆತುಹೋಗದಿರಲಿ ಎಂದು ಅವಳು ವಾರವಾರವೂ ಕಂಪ್ಯೂಟರನ್ನೂ ಬಿಚ್ಚಿದ್ದಳು. ವೈರ್ ಕಿತ್ತು, ತಗಡು ಮುಟ್ಟಿ, ಧೂಳು ತೆಗೆದು, ಆ ಚಿನ್ನದ ಹಲ್ಲುಗಳಿಗೆ ಒಂದೊಂದು ಹನಿ ಎಣ್ಣೆ ಸವರಿ, ಮಗುವನ್ನು ಮಲಗಿಸುವಷ್ಟು ಮೆತ್ತಗೆ ಕೂರಿಸಿದ್ದಳು. ಟಕ್ ಎಂದಾಗಲೆಲ್ಲ ಅವನ ನೆನಪು.

ಅವನು ಅವಳನ್ನೇ ನೋಡಿದ. ಕೋಪವಿರಲಿಲ್ಲ. ಒಂದು ಬೆಚ್ಚನೆಯ ಆಶ್ಚರ್ಯವಿತ್ತು. ಆಮೇಲೆ ಅತ್ತೆಯ ಕಡೆ ತಿರುಗಿದ.

"ತಪ್ಪು ನನ್ನದೇ ಅಮ್ಮ. ಆವತ್ತು ನಾನು ಸರಿಯಾಗಿ ಕ್ಲೀನ್ ಮಾಡದೆ ಕೂರಿಸ್ಬಿಟ್ಟಿದ್ದೆ. ಈಗ ಉಜ್ಜಿ ಒರೆಸಿ ಹಾಕ್ತೀನಿ, ಇನ್ನು ಕೂಗಲ್ಲ."

"ಹೇಳಿದ್ನೋ ಇಲ್ವೋ?" ಎಂದರು ಅತ್ತೆ.

ಅವನು ಎರಡನ್ನೂ ಉಜ್ಜಿದ. ಕೂರಿಸುವ ಸಂದುಗಳನ್ನು ಸ್ಪಿರಿಟ್ ಅದ್ದಿದ ಬ್ರಷ್ಷಿನಿಂದ ಉಜ್ಜಿ ಒಣಗಿಸಿದ. ಒಂದೊಂದೇ ಹಾಕಿ ನೋಡಿದ, ಆಮೇಲೆ ಎರಡನ್ನೂ. ಪರದೆ ಬೆಳಗಿತು. ಬ್ಯಾಗಿನ ಜಿಪ್ ಎಳೆದು ಎದ್ದು ನಿಂತ.

"ಅತ್ತೆ," ಎಂದಳು ಅವಳು.

ಮೆಷಿನ್ ಗಡಗಡ ಎನ್ನುತ್ತಿತ್ತು. ಅತ್ತೆ ತಿರುಗಲಿಲ್ಲ.

"ಅತ್ತೆ, ನಾನು..."

ಅವನು ಬಾಗಿಲ ಹತ್ತಿರ ಹೋಗಿ ಚಪ್ಪಲಿಗೆ ಕಾಲು ತೂರಿಸುತ್ತಿದ್ದ. ಅವಳು ಓಡಿಹೋಗಿ ಕಸೂತಿ ಮೆಷಿನ್ನಿನ ಸ್ವಿಚ್ ಆರಿಸಿಬಿಟ್ಟಳು.

ಅಂಗಡಿಯಲ್ಲಿ ಅಂಥ ಮೌನವನ್ನು ಯಾರೂ ಕೇಳಿರಲಿಲ್ಲ. ಎಲ್ಲರೂ ಅವಳನ್ನೇ ನೋಡಿದರು.

"ಅವರು ಸುಳ್ಳು ಹೇಳ್ತಿದಾರೆ," ಎಂದಳು. "ಅವರದ್ದೇನೂ ತಪ್ಪಿಲ್ಲ. ನಾನೇ ವಾರವಾರ ಬಿಚ್ಚಿ ರ‍್ಯಾಮಿಗೆ ಎಣ್ಣೆ ಹಾಕಿದೀನಿ. ಮೆಷಿನ್ನಿಗೆ ಹಾಕೋ ಎಣ್ಣೆ. ಬೈಯೋದಾದ್ರೆ ನನ್ನ ಬೈಯಿ. ಕಂಪ್ಯೂಟರ್ ಮುಟ್ಟಬೇಡ ಅಂದ್ರೆ ಮುಟ್ಟಲ್ಲ. ಅವರಿಗೆ ಮಾತ್ರ ಬರಬೇಡಿ ಅನ್ಬೇಡ."

ಅತ್ತೆ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟರು.

"ಕಂಪ್ಯೂಟರಿಗೆ... ಎಣ್ಣೆ?"

"ಎಣ್ಣೆ ಹಾಕಿ ಆಯ್ತು," ಎಂದಳು ಗುಂಡಿ ಅಕ್ಕ. "ಬೈತಲೆ ತೆಗೆದು ಜಡೆ ಹೆಣೆಯೋದೊಂದು ಬಾಕಿ."

ಮೊದಲು ನಕ್ಕದ್ದು ಅತ್ತೆಯೇ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ. "ನಾನು ಕಲಿಸಿದ ಪಾಠ ನನಗೇ ತಿರುಗಿಬಿತ್ತಲ್ಲೇ!" ಸೆರಗಿನಿಂದ ಕಣ್ಣೊರೆಸಿಕೊಂಡು ಅವನ ಕಡೆ ನೋಡಿದರು. "ಸುಳ್ಳು ಹೇಳಿ ತಪ್ಪಿಸ್ಕೊಳ್ಳೋರನ್ನ ಬೇಕಾದಷ್ಟು ನೋಡಿದೀನಪ್ಪ. ಸುಳ್ಳು ಹೇಳಿ ಸಿಕ್ಕಿಹಾಕ್ಕೊಳ್ಳೋನನ್ನ ಇವತ್ತೇ ನೋಡಿದ್ದು. ನಾನಂದದ್ದು ಮನಸ್ಸಲ್ಲಿಟ್ಕೋಬೇಡ. ಲೇ ಮೆಲ್ಲಮ್ಮ, ಕಳಿಸಿ ಬಾ ಹೋಗು. ಕಂಪ್ಯೂಟರ್ ಮುಟ್ಟಬೇಡ ಅಂತ ನಾನು ಯಾವಾಗ ಅಂದೆ? ನೀನು ಮುಟ್ಟದಿದ್ರೆ ಆ ಹಕ್ಕಿನ ಯಾರು ಬಿಡಿಸ್ತಾರೆ?"

ಮೆಟ್ಟಿಲ ಮೇಲೆ ಮಧ್ಯಾಹ್ನದ ಬಿಸಿಲು ಹಾಸಿತ್ತು. ಇಬ್ಬರೂ ಅಲ್ಲಿ ನಿಂತರು.

"ಯಾಕೆ ಹಾಗಂದ್ರಿ?" ಎಂದಳು.

"ನಿಮ್ಮನ್ನ ಎಲ್ಲರ ಮುಂದೆ ಬೈತಾರೇನೋ ಅಂತ. ಅದನ್ನ ನೋಡೋಕೆ ನನ್ನ ಕೈಲಿ ಆಗ್ತಿರ್ಲಿಲ್ಲ."

"ಎಣ್ಣೆ ಹಾಕಿದ್ದಕ್ಕೆ ನಗು ಬರ್ಲಿಲ್ವಾ?"

"ಇಲ್ಲ." ಅವನು ಬ್ಯಾಗಿನ ಪಟ್ಟಿಯನ್ನು ತಿರುಚುತ್ತಾ ನಿಂತ. "ನಾನು ತೋರಿಸಿದ್ದನ್ನ ಯಾರಾದ್ರೂ ಇಷ್ಟು ಜೋಪಾನ ಮಾಡಿದ್ದು ಇದೇ ಮೊದಲು. ನಾನೇ ಥ್ಯಾಂಕ್ಸ್ ಹೇಳಬೇಕು."

"ನೀವ್ಯಾಕೆ? ನಾನು ಹೇಳಬೇಕು. ಆವತ್ತು ಅದನ್ನ ನನ್ನ ಕೈಗೆ ಕೊಟ್ರಲ್ಲ. ಯಾರೂ ನನಗೆ ಏನನ್ನೂ ಹಾಗೆ ಕೊಟ್ಟಿರ್ಲಿಲ್ಲ."

ಅವನು ಬೀದಿಯ ಕಡೆ ನೋಡಿ, ಮತ್ತೆ ಅವಳನ್ನು ನೋಡಿದ.

"ಈಗ ಕಂಪ್ಯೂಟರ್ ಕೆಡಲ್ಲ."

"ಹ್ಞೂಂ."

"ಕೆಡದಿದ್ರೂ... ಬರಬಹುದಾ? ಕೆಲಸಕ್ಕಲ್ಲ. ನಿಮ್ಮನ್ನ ನೋಡೋಕೆ."

ಒಳಗೆ ಮೆಷಿನ್ ಇನ್ನೂ ನಿಂತೇ ಇತ್ತು. ಅದನ್ನು ಯಾಕೆ ಯಾರೂ ಹಾಕಲಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬಾಗಿಲ ಹಿಂದೆ ನಾಲ್ಕು ಕಿವಿಗಳು ನಿಮಿರಿದ್ದವು. ಹಿಂದಿನ ಮೆಲ್ಲಮ್ಮನಾಗಿದ್ದರೆ ತಲೆ ತಗ್ಗಿಸಿ ಒಳಗೆ ಓಡಿಬಿಡುತ್ತಿದ್ದಳು.

"ಬನ್ನಿ," ಎಂದಳು ಅವಳು, ಬೀದಿಗೆಲ್ಲ ಕೇಳುವ ಹಾಗೆ. "ದಿನಾ ಬನ್ನಿ."