ಅರವತ್ತೊಂದನೆಯ ಪುಟ

ಅಂಗಡಿ ಅಲ್ಲೇ ಇತ್ತು. ಬಾಗಿಲ ಬೀಗ ಮುರಿದಿರಲಿಲ್ಲ. ರಿಪೇರಿಗೆ ಬಂದ ಹದಿನಾಲ್ಕು ಹೊಲಿಗೆ ಯಂತ್ರಗಳು ಗೋಡೆ ಪಕ್ಕ ನಿಂತಲ್ಲೇ ನಿಂತಿದ್ದವು. ಆದರೂ ಕಳ್ಳತನ ಆಗಿತ್ತು.

"ಹನ್ನೊಂದು ದಿನ ಆಯ್ತು ಅಕ್ಕಾ, ಫೋನು ಒಂದ್ಸಲಾನೂ ಹೊಡ್ಕೊಂಡಿಲ್ಲ," ಎಂದಳು ತಂಗಿ. "ಕೆಟ್ಟಿದ್ಯೇನೋ ಅಂತ ಪಕ್ಕದ ಅಂಗಡಿಯಿಂದ ನಾನೇ ಮಾಡಿ ನೋಡ್ದೆ. ಚೆನ್ನಾಗೇ ಹೊಡ್ಕೊಳ್ತು."

ಅಕ್ಕ ಮೂವತ್ತೊಂದು ವರ್ಷ ಪೊಲೀಸ್ ಕೆಲಸ ಮಾಡಿ ಸಬ್‌ಇನ್‌ಸ್ಪೆಕ್ಟರಾಗಿ ನಿವೃತ್ತಳಾದವಳು. ಠಾಣೆಯಲ್ಲಿ ಅವಳ ಹೆಸರು ಇಕ್ಕಳ. ಹಿಡಿದರೆ ಬಿಡುವ ಪೈಕಿ ಅಲ್ಲ.

ಅವಳು ಅಂಗಡಿಯ ಕಂಪ್ಯೂಟರಿನ ಮುಂದೆ ಕೂತು ಒಂದೇ ಬೆರಳಲ್ಲಿ ಕುಟ್ಟಿದಳು: ಹೊಲಿಗೆ ಯಂತ್ರದ ಸೂಜಿ ಪದೇಪದೇ ಯಾಕೆ ಮುರಿಯುತ್ತೆ? ನಾಲ್ಕು ವರ್ಷದಿಂದ ಈ ಪ್ರಶ್ನೆಗೆ ಮೊದಲು ಕಾಣುತ್ತಿದ್ದದ್ದು ತಂಗಿಯ ವೆಬ್‌ಸೈಟಿನ ಪುಟ. ಈಗ ಇಲ್ಲ. ಎರಡನೆಯ ಪರದೆಯಲ್ಲೂ ಇಲ್ಲ. ಹತ್ತನೆಯದರಲ್ಲೂ ಇಲ್ಲ. ಇದ್ದವರೆಲ್ಲ ಜನ್ಮದಲ್ಲಿ ಸೂಜಿಗೆ ದಾರ ಪೋಣಿಸದ ಪಂಡಿತರು.

ಆ ವೆಬ್‌ಸೈಟು ಹುಟ್ಟಿದ ರೀತಿಯೇ ಬೇರೆ. ತಂಗಿಯ ಗಂಡ ಯಂತ್ರ ಬಿಚ್ಚುತ್ತ ಗೊಣಗುತ್ತಿದ್ದ, ಇವಳು ಬರೆದುಕೊಳ್ಳುತ್ತಿದ್ದಳು. ಒಂದು ಕಾಯಿಲೆಗೆ ಒಂದು ಪುಟ. ದಾರ ಗಂಟಾದರೆ ಏನು, ಬಟ್ಟೆ ಮುಂದಕ್ಕೆ ಹೋಗದಿದ್ದರೆ ಏನು. ಅವನು ತೀರಿಕೊಂಡ ಮೇಲೂ ಇವಳು ನಿಲ್ಲಿಸಲಿಲ್ಲ. ಒಟ್ಟು ಅರವತ್ತೊಂದು ಪುಟ. ಓದಿ ತಾವೇ ಸರಿಮಾಡಿಕೊಂಡವರು ಹತ್ತು ಜನರಿಗೆ ಹೇಳುತ್ತಿದ್ದರು. ಆಗದವರು ಫೋನ್ ಮಾಡುತ್ತಿದ್ದರು. ಅಂಗಡಿ ಅದರಿಂದಲೇ ಉಸಿರಾಡುತ್ತಿತ್ತು.

"ಗಿರಾಕಿ ಬರ್ತಿರೋ ತನಕ ಅಂಗಡಿ ಮಾರಲ್ಲ ಅಂದಿದ್ದೆ," ತಂಗಿ ಕಣ್ಣೊರೆಸಿಕೊಂಡಳು. "ಈಗ ಯಾವ ಬಾಯಲ್ಲಿ ಹೇಳ್ಲಿ? ಶುಕ್ರವಾರ ಸಹಿ ಹಾಕ್ತೀನಿ ಅಂತ ಮೈದುನಂಗೆ ಮಾತು ಕೊಟ್ಟಿದ್ದೀನಿ."

ಕರೆದ ಹಾಗೆ ಮೈದುನ ಒಳಗೆ ಬಂದ. ಕಟ್ಟಡದಲ್ಲಿ ಅರ್ಧ ಪಾಲು ಅವನದು. ಮಾತಿಗೆ ಬೆಣ್ಣೆ, ಕಾಲಿಗೆ ಹೊಸ ಬೂಟು.

"ಅತ್ತಿಗೆ, ಅಳಬೇಡಿ. ಕಾಲ ಬದಲಾಯ್ತು. ಈಗ ಯಾರು ಹಳೇ ಡಬ್ಬ ರಿಪೇರಿ ಮಾಡಿಸ್ತಾರೆ ಹೇಳಿ? ಪಾಪ, ನಿಮ್ಮ ಕಣ್ಣಿನ ಆಪರೇಷನ್ ಆದಾಗ ಒಂದು ವಾರ ನಾನೇ ಕೂತಿದ್ನಲ್ಲ, ಗೊತ್ತು ನಂಗೆ ಈ ಅಂಗಡಿ ಗತಿ."

"ಯಾವಾಗ ಕೂತಿದ್ದೆ?" ಎಂದಳು ಇಕ್ಕಳ.

"ಮೂರು ವಾರ ಆಯ್ತು. ಯಾಕೆ?"

"ಸುಮ್ನೆ."

* * *

ಅಂಗಡಿಯನ್ನು ಕೊಳ್ಳಲು ನಿಂತವನು ಎದುರಿನ ಹೊಲಿಗೆ ಯಂತ್ರದ ಶೋರೂಮಿನ ಮಾಲೀಕ. ರಸ್ತೆಯವರು ಅವನನ್ನು ಗಾಜಿನ ಸಾಹುಕಾರ ಅನ್ನುತ್ತಾರೆ. ಬಾಗಿಲು ಗಾಜು, ಮೇಜು ಗಾಜು, ತಲೆಯೊಳಗೂ ಆಚೆಕಡೆಯವರೆಗೆ ಕಾಣುತ್ತಿತ್ತು. ತಂಗಿಯ ಪುಟ ಮಾಯ ಮಾಡಿದ್ದು ನೀನೇನಾ ಅಂತ ಇಕ್ಕಳ ನೇರವಾಗಿ ಕೇಳಿದಳು.

"ನಾನಾ? ನಾನು ದುಡ್ಡು ಕೊಟ್ಟು ಎಲ್ಲಾರಿಗಿಂತ ಮೇಲೆ ನಿಂತಿದ್ದೀನಮ್ಮ!" ಫೋನನ್ನು ಅವಳ ಮೂಗಿಗೆ ಹಿಡಿದ.

"ಪಕ್ಕದಲ್ಲಿ 'ಜಾಹೀರಾತು' ಅಂತ ಬರ್ದಿದೆಯಲ್ಲ."

"ಅದನ್ನ ಯಾರು ಓದ್ತಾರೆ?"

"ನಾನು ಓದಿದ್ನಲ್ಲ. ಜಾಹೀರಾತು ನಿಲ್ಲಿಸಿದ್ರೆ ಎಲ್ಲಿರ್ತೀಯ?"

ಸಾಹುಕಾರ ಕೆಮ್ಮಿದ. ಒಂಬತ್ತನೆಯ ಪರದೆಯಲ್ಲಿ ಇರುತ್ತಾನೆ. ಇಕ್ಕಳ ಮೇಜಿನ ಮೇಲಿದ್ದ ಕಂಪ್ಯೂಟರಿನಲ್ಲಿ ಅವನ ಪುಟವನ್ನು ತೆರೆದು, ಖಾಲಿ ಜಾಗದ ಮೇಲೆ ಮೌಸ್ ಎಳೆದಳು. ಬಿಳಿ ಹಿನ್ನೆಲೆಯ ಮೇಲೆ ಅಡಗಿದ್ದ ಬಿಳಿ ಅಕ್ಷರ ಎದ್ದು ಕಂಡಿತು. ಹೊಲಿಗೆ ಯಂತ್ರ ರಿಪೇರಿ, ಹೊಲಿಗೆ ಯಂತ್ರ ರಿಪೇರಿ, ಹೊಲಿಗೆ ಯಂತ್ರ ರಿಪೇರಿ. ಇನ್ನೂರಕ್ಕೂ ಮೇಲೆ.

"ಇದೇನು, ಮೇಷ್ಟ್ರು ಕೊಟ್ಟ ಶಿಕ್ಷೆನಾ?"

"ವೆಬ್‌ಸೈಟು ಮೇಲೆತ್ತೋ ಗುರುಗಳು ಒಬ್ರು ಹೇಳ್ಕೊಟ್ಟಿದ್ದು. ಹೆಸರು ಜಾಸ್ತಿ ಇದ್ರೆ ಮೇಲೆ ಬರುತ್ತಂತೆ."

"ಬಂತಾ?"

"ಇನ್ನೂ ಕೆಳಗೆ ಹೋಯ್ತು." ಅವನ ಮುಖ ಸಪ್ಪಗಾಯಿತು. "ಆದ್ರೆ ನಿಮ್ಮ ತಂಗಿ ಪುಟ ನಾನು ಯಾಕೆ ಮುಟ್ಲಿ? ಕರಾರು ಪತ್ರ ನೋಡಿ. ಕಟ್ಟಡದ ಜೊತೆ ವೆಬ್‌ಸೈಟೂ ನಂಗೆ ಬೇಕು ಅಂತ ಬರ್ಸಿದ್ದೀನಿ. ಗಿರಾಕಿ ಇಲ್ದಿರೋ ವೆಬ್‌ಸೈಟು ತಗೊಂಡು ಉಪ್ಪಿನಕಾಯಿ ಹಾಕ್ಲಾ?"

ಪತ್ರದಲ್ಲಿ ಹಾಗೇ ಇತ್ತು. ಇವನು ದಡ್ಡ. ದಡ್ಡತನಕ್ಕೆ ಕೇಸು ಹಾಕಲು ಬರುವುದಿಲ್ಲ.

* * *

ಗುರುವಿನ ಆಫೀಸು ಕ್ಷೌರದಂಗಡಿಯ ಮೇಲೆ. ಕೆಳಗೆ ಕೂದಲು ಬೋಳಿಸುತ್ತಿದ್ದರು, ಮೇಲೆ ಉಳಿದದ್ದನ್ನು. ಬಾಗಿಲ ಮೇಲೆ ಬೋರ್ಡು: ಮೂರೇ ದಿನದಲ್ಲಿ ನಂಬರ್ ಒನ್. ಒಳಗೆ ಐದು ಫೋನು, ಒಂದು ಕುರ್ಚಿ.

"ನಿಮ್ಮ ತಂಗಿ ಕೇಸು ಗೊತ್ತು ಮೇಡಂ. ಹೋದ ವಾರ ಅವರ ಮೈದುನಾನೇ ನನ್ನ ಅಂಗಡಿಗೆ ಕರ್ಕೊಂಡೋಗಿದ್ರು. ಐದು ಸಾವಿರ ಲಿಂಕು ಹಾಕ್ಸಿದ್ರೆ ಎದ್ದು ಕೂರುತ್ತೆ. ಐದು ಸಾವಿರ ವೆಬ್‌ಸೈಟು ಇವ್ರ ಕಡೆ ಕೈ ತೋರ್ಸುತ್ತೆ."

"ಯಾರವು?"

ಗುರು ತೋರಿಸಿದ. ಕೂದಲೆಣ್ಣೆ, ಲಾಟರಿ, ಯಾರದೋ ನಾಯಿಯ ಜಾತಕ.

"ದಾರೀಲಿ ಬಿದ್ದಿರೋ ಐದು ಸಾವಿರ ಕುಡುಕ್ರು ಬಂದು ಇವ್ನು ಒಳ್ಳೇವ್ನು ಅಂದ್ರೆ ಕೋರ್ಟು ನಂಬುತ್ತೇನಯ್ಯ?" ಇಕ್ಕಳ ಆ ಒಂದೇ ಕುರ್ಚಿಯಲ್ಲಿ ಕೂತಳು. "ಈಗ ಸುಳ್ಳು ಬಿಟ್ಟು ಮಾತಾಡು. ಪುಟ ಮಾಯ ಆಗೋದು ಹೇಗೆ?"

ನಿಂತೇ ಇದ್ದ ಗುರು ಬೆವರೊರೆಸಿಕೊಂಡ. ಮೊದಲ ಬಾರಿಗೆ ನಿಜ ಹೇಳಿದ. ಅವನಿಗೆ ನಿಜ ಗೊತ್ತಿತ್ತು, ಅದೇ ಹೇಸಿಗೆ.

"ಹುಡುಕೋ ಕಂಪನಿ ಯಂತ್ರ ಜನಗಣತಿಯವ್ರ ಥರ ಮೇಡಂ. ಪುಟಪುಟಕ್ಕೂ ಹೋಗುತ್ತೆ, ಓದುತ್ತೆ, ಬರ್ಕೊಳ್ಳುತ್ತೆ. ಯಾರು ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಟ್ಟಿದ್ದಾರೆ, ಯಾರನ್ನ ಒಳ್ಳೇ ಜನ ಹೆಸರಿಸ್ತಾರೆ, ಅವ್ರನ್ನ ಮೇಲಿಡುತ್ತೆ. ಕೆಟ್ಟದಾಗಿದ್ರೆ ಕೆಳಗಿಳ್ಸುತ್ತೆ. ಆದ್ರೆ ಪೂರ್ತಿ ಮಾಯ ಅಂದ್ರೆ... ಮಾಲೀಕ್ರೇ ಬಾಗ್ಲಿಗೆ ಚೀಟಿ ಅಂಟಿಸ್ಬಹುದು. 'ನನ್ನ ಹೆಸ್ರು ಬರ್ಕೋಬೇಡ' ಅಂತ. ಪುಟದ ಒಳಗಡೆ ಒಂದು ಗುರುತು, ಅಷ್ಟೇ. ಮುಂದಿನ ಸಲ ಯಂತ್ರ ಬಂದಾಗ ಅದನ್ನ ಓದಿ ಹೆಸ್ರು ಹೊಡ್ದಾಕುತ್ತೆ. ಒಂದು ವಾರ, ಹತ್ತು ದಿನ ಹಿಡಿಯುತ್ತೆ."

"ನೀನು ಅಂಟಿಸಿದ್ಯಾ?"

"ಪಾಸ್‌ವರ್ಡೇ ಕೊಟ್ಟಿಲ್ಲ ಮೇಡಂ! ಕಂಪನಿಯವ್ರು ಮಾಲೀಕ್ರಿಗೆ ಪುಕ್ಕಟೆ ವರದಿ ಕೊಡ್ತಾರೆ, ಅದ್ರಲ್ಲಿ ಎಲ್ಲಾ ಇರುತ್ತೆ, ನೋಡ್ಕೊಳ್ಳಿ."

"ಪುಕ್ಕಟೆ ಸಿಗುತ್ತೆ ಅಂತ ಗಿರಾಕಿಗೆ ಹೇಳಿದ್ಯಾ?"

ಗುರು ಐದು ಫೋನಿನಲ್ಲಿ ಒಂದನ್ನು ಎತ್ತಿ, ಅದು ಹೊಡೆದುಕೊಳ್ಳದಿದ್ದರೂ 'ಹಲೋ' ಅಂದ.

* * *

ತಂಗಿಯ ಪಾಸ್‌ವರ್ಡು ದಾರದ ಡಬ್ಬಿಯ ಮುಚ್ಚಳದ ಒಳಗೆ ಬರೆದಿತ್ತು. ಅದು ಗೊತ್ತಿದ್ದದ್ದು ಇಬ್ಬರಿಗೆ: ಅವಳಿಗೆ, ಮತ್ತು ವೆಬ್‌ಸೈಟು ಕಟ್ಟಿಕೊಟ್ಟ ಮೈದುನನಿಗೆ.

ವರದಿ ತೆರೆಯಿತು. ಅರವತ್ತು ಪುಟಗಳ ಮುಂದೆ ಒಂದೇ ಷರಾ: ಮಾಲೀಕರು ಬೇಡವೆಂದಿದ್ದರಿಂದ ಸೇರಿಸಿಲ್ಲ. ಒಂದು ಪುಟ ಮಾತ್ರ ಪಟ್ಟಿಯಲ್ಲಿ ಉಳಿದಿತ್ತು. 'ಹಳೆಯ ಹೊಲಿಗೆ ಯಂತ್ರ ಮಾರಬೇಕೆ?' ಕೊನೆಯಲ್ಲಿ ಒಂದು ಫೋನ್ ನಂಬರು. ಅಂಗಡಿಯದಲ್ಲ.

"ಇದು ಯಾರ ನಂಬರೇ?"

"ಅಯ್ಯೋ, ಅದು ನಮ್ಮ ಯಜಮಾನ್ರ ಎರಡ್ನೇ ನಂಬರು. ಸಿಮ್ಮು ಕಳ್ದೋಗಿ ಎರಡು ವರ್ಷ ಆಯ್ತು ಅಂತ ಮೈದುನ ಹೇಳಿದ್ದ. ಸತ್ತ ಪುಟ ಅದು."

ಇಕ್ಕಳ ನಂಬರನ್ನು ಅಂಗೈ ಮೇಲೆ ಬರೆದುಕೊಂಡಳು. ಫೋನ್ ಮಾಡಲಿಲ್ಲ.

* * *

ಶುಕ್ರವಾರ ಮಧ್ಯಾಹ್ನ ಮೂರು ಗಂಟೆ. ಕರಾರು ಪತ್ರ ಮೇಜಿನ ಮೇಲಿತ್ತು. ಸಾಹುಕಾರ ಪೆನ್ನು ಹಿಡಿದಿದ್ದ. ಗುರುವನ್ನು ಇಕ್ಕಳ ಕರೆಸಿ ಮೂಲೆಯಲ್ಲಿ ನಿಲ್ಲಿಸಿದ್ದಳು. ಮೈದುನ ಬೆರಳಿಟ್ಟು ತೋರಿಸುತ್ತಿದ್ದ, "ಇಲ್ಲಿ ಅತ್ತಿಗೆ, ಇಲ್ಲೊಂದು ಸಹಿ."

"ಒಂದ್ನಿಮಿಷ," ಇಕ್ಕಳ ತನ್ನ ಫೋನ್ ತೆಗೆದು ಅಂಗೈ ನೋಡಿ ಒತ್ತಿದಳು.

ಮಧ್ಯಾಹ್ನ ಮೂರಕ್ಕೆ ಅಂಗಡಿಯೊಳಗೆ ಕೋಳಿ ಕೂಗಿತು. ಕೊಕ್ಕೊಕ್ಕೋ! ಎಲ್ಲರೂ ತಿರುಗಿದರು. ಕೋಳಿ ಮೈದುನನ ಅಂಗಿಯ ಜೇಬಿನಲ್ಲಿತ್ತು.

"ತಗೊಳಪ್ಪ," ಎಂದಳು ಇಕ್ಕಳ. "ಹಳೇ ಯಂತ್ರ ಮಾರ್ಬೇಕಿತ್ತು."

ಅವನು ತಡಕಾಡಿ ಅದನ್ನು ಆರಿಸಿದ. ಮುಖದ ಬೆಣ್ಣೆ ಕರಗಿತ್ತು.

"ನೋಡಿ," ಇಕ್ಕಳ ಮೇಜಿಗೆ ಒರಗಿದಳು. "ಚೀಟಿ ಅಂಟಿಸೋಕೆ ಪಾಸ್‌ವರ್ಡ್ ಬೇಕು. ಸಾಹುಕಾರಂಗೆ ಗೊತ್ತಿಲ್ಲ, ಅವನಿಗೆ ವೆಬ್‌ಸೈಟು ಜೀವಂತವಾಗೇ ಬೇಕಿತ್ತು. ಈ ಗುರುಗೂ ಗೊತ್ತಿಲ್ಲ. ಇವನು ಬಂದದ್ದೇ ಕಾಯ್ಲೆ ಆದ್ಮೇಲೆ. ಕರ್ಕೊಂಬಂದಿದ್ದು ಯಾರು? ನೀನು. ಆಮೇಲೆ ಸಿಕ್ಕಿಬಿದ್ರೆ ಇವನ ತಲೆಗೆ ಕಟ್ಟೋಕೆ."

"ಹಾಂ!" ಎಂದ ಗುರು, ಜೀವನದಲ್ಲಿ ಮೊದಲ ಬಾರಿ ನಿರಪರಾಧಿಯಾಗಿ.

"ನೀನು ಬಾಯ್ಮುಚ್ಚು." ಇಕ್ಕಳ ಮೈದುನನ ಕಡೆ ತಿರುಗಿದಳು. "ಮೂರು ವಾರದ ಹಿಂದೆ ಇವಳು ಕಣ್ಣಿಗೆ ಪಟ್ಟಿ ಕಟ್ಕೊಂಡು ಮಲಗಿದ್ದಾಗ ನೀನು ಇಲ್ಲಿ ಕೂತು ಚೀಟಿ ಅಂಟಿಸ್ದೆ. ಹುಡುಕೋ ಯಂತ್ರ ಬಂದು ಓದೋಕೆ ಹತ್ತು ದಿನ. ನಾನು ಬಂದ ದಿನಕ್ಕೆ ಫೋನು ನಿಂತು ಹನ್ನೊಂದು ದಿನ. ಗಿರಾಕಿ ಬರ್ತಿರೋ ತನಕ ಮಾರಲ್ಲ ಅಂದ್ಳು, ನೀನು ಗಿರಾಕಿ ದಾರೀನೇ ಮುಚ್ಚಿದೆ. ಆದ್ರೆ ಆ ಒಂದು ಪುಟ? ಹಳೇ ಯಂತ್ರ ಮಾರೋರೆಲ್ಲ ಅದನ್ನ ನೋಡಿ ನಿಂಗೆ ಫೋನ್ ಮಾಡ್ತಾರೆ. ಸತ್ತ ಅಣ್ಣನ ಸಿಮ್ಮು ಜೇಬಲ್ಲಿಟ್ಕೊಂಡು, ಅಣ್ಣನ ಹೆಸ್ರಲ್ಲಿ ಕೊಂಡು, ಮಾರ್ಕೊಂಡು ಎರಡು ವರ್ಷ ತಿಂದಿದ್ದೀಯ. ಅತ್ತಿಗೆ ಅನ್ನಕ್ಕೆ ಕಲ್ಲು ಹಾಕುವಾಗ್ಲೂ ನಿನ್ನ ತಟ್ಟೆ ಪಕ್ಕಕ್ಕಿಟ್ಟೆ."

ತಂಗಿ ಮೈದುನನನ್ನೇ ನೋಡುತ್ತಿದ್ದಳು. "ಅವರ ನಂಬರು... ನಿನ್ನ ಹತ್ರಾನೇ ಇತ್ತಾ?"

"ಅತ್ತಿಗೆ, ಒಂದೇ ಒಂದು ತಪ್ಪಾಯ್ತು..."

"ಒಂದಾ?" ಎಂದಳು ಇಕ್ಕಳ. "ಅರವತ್ತು. ಅರವತ್ತೊಂದನೇದನ್ನೂ ಮಾಡಿದ್ರೆ ಸಿಕ್ಕಿಬೀಳ್ತಿರ್ಲಿಲ್ಲ."

ತಂಗಿ ಕೈ ಚಾಚಿದಳು. ಮೈದುನ ಸಿಮ್ಮು ಬಿಚ್ಚಿ ಅವಳ ಅಂಗೈಯಲ್ಲಿಟ್ಟ. ಹೊಸ ಬೂಟು ಸದ್ದಿಲ್ಲದೆ ಮೆಟ್ಟಿಲಿಳಿಯಿತು. ಅವನ ಹಿಂದೆ ಹೊರಟ ಗುರುವನ್ನು ಸಾಹುಕಾರ ಕಾಲರ್ ಹಿಡಿದು ನಿಲ್ಲಿಸಿದ್ದ. ಇನ್ನೂರು ಸಲ ಬರೆಸಿದ್ದರ ಲೆಕ್ಕ ಕೇಳಬೇಕಿತ್ತು.

"ಅಮ್ಮಾ, ಹಾಗಾದ್ರೆ ನಾನು ಮೇಲೆ ಬರೋದು ಹೇಗೆ?" ಎಂದ ಸಾಹುಕಾರ.

"ಒಂದು ಯಂತ್ರ ನಿನ್ನ ಕೈಯಾರೆ ರಿಪೇರಿ ಮಾಡು. ಮಾಡಿದ್ದನ್ನ ಬರಿ. ಅರವತ್ತೊಂದು ಸಲ."

ತಂಗಿ ಕರಾರು ಪತ್ರವನ್ನು ಎರಡಾಗಿ ಮಡಚಿ, ಎಣ್ಣೆ ಸೋರುತ್ತಿದ್ದ ಯಂತ್ರದ ಕೆಳಗೆ ಹಾಸಿದಳು. ಆಮೇಲೆ ಕಂಪ್ಯೂಟರಿನ ಮುಂದೆ ಕೂತು ಅರವತ್ತು ಚೀಟಿಗಳನ್ನು ಒಂದೊಂದಾಗಿ ಕಿತ್ತಳು. ಅರವತ್ತೊಂದನೆಯ ಪುಟದಲ್ಲಿ ಅಂಗಡಿಯ ನಂಬರು ಹಾಕಿದಳು.

ಒಂಬತ್ತನೆಯ ದಿನ ಬೆಳಿಗ್ಗೆ ಫೋನು ಹೊಡೆದುಕೊಂಡಿತು. ಯಾರೋ ಹೆಂಗಸು. ಸೂಜಿ ಮುರಿಯುತ್ತಿದೆಯಂತೆ.

"ಸೂಜಿ ತಿರುಗಿಸಿ ಹಾಕಿದ್ದೀರಮ್ಮ," ಎಂದಳು ತಂಗಿ, ಯಂತ್ರವನ್ನು ನೋಡದೆಯೇ. "ಚಪ್ಪಟೆ ಕಡೆ ಹಿಂದಕ್ಕೆ ಬರ್ಲಿ. ಆಗ್ಲೂ ಮುರಿದ್ರೆ ತಗೊಂಬನ್ನಿ, ಅಂಗಡಿ ಇಲ್ಲೇ ಇರುತ್ತೆ."