ಬದುಕಿದ್ದವನ ಪಂಚನಾಮೆ

ಮಂಗಳವಾರ ಬೆಳಿಗ್ಗೆ 9.20ಕ್ಕೆ ಠಾಣೆಗೆ ಬಂದ ಹೆಂಗಸು ನಿಂತೇ ಮಾತಾಡಿದಳು.

"ನಮ್ಮ ಯಜಮಾನ್ರು ಸತ್ತಿದ್ದಾರಂತೆ ಸರ್. ಖಜಾನೆ ಕಂಪ್ಯೂಟರ್ ಹಾಗೆ ಹೇಳುತ್ತೆ. ಮೂರು ತಿಂಗಳಿಂದ ಪಿಂಚಣಿ ಇಲ್ಲ. ಅವ್ರ ಉಸಿರಾಟದ ಔಷಧಿ ಇವತ್ತಿಗೆ ಮುಗೀತು."

ಇನ್‌ಸ್ಪೆಕ್ಟರ್ ಅವಳ ಮನೆಗೆ ಹೋದರು. ರಸ್ತೆ ಕೆಲಸದಿಂದ ನಿವೃತ್ತನಾದ ಗಂಡ ಮಂಚ ಹಿಡಿದು ಎರಡು ವರ್ಷವಾಗಿತ್ತು. ಸದರಿ ವ್ಯಕ್ತಿ ಜೀವಂತವಾಗಿದ್ದಾರೆ ಎಂದು ಪೇದೆ ಇಬ್ಬರು ಪಂಚರ ಎದುರು ಬರೆದುಕೊಂಡ.

"ಹೆಣದ ಪಂಚನಾಮೆ ಎಷ್ಟೋ ಬರ್ದಿದ್ದೀನಿ, ಬದುಕಿದ್ದೋರದ್ದು ಇದೇ ಮೊದಲು ಸರ್."

ಮುದುಕ ಕೆಮ್ಮುತ್ತಲೇ ನಕ್ಕ. ಇನ್‌ಸ್ಪೆಕ್ಟರಿಗೆ ನಗು ಬರಲಿಲ್ಲ.

ಖಜಾನೆಯಲ್ಲಿ ನಗದು ಕೊಡುವುದು ನಿಂತು ವರ್ಷವಾಗಿತ್ತು. ಈಗ ಪಿಂಚಣಿ ನೇರ ಬ್ಯಾಂಕಿಗೆ. ಮೂರು ತಿಂಗಳ ಹಿಂದೆ ಬಂದ ನಿಯಮದಂತೆ, ತಿಂಗಳಿಗೊಮ್ಮೆ ಪಿಂಚಣಿದಾರನ ಮೊಬೈಲಿಗೆ ಬರುವ ಸಂಖ್ಯೆಯನ್ನು ತಿರುಗಿ ಕಳಿಸಬೇಕು. ಒಮ್ಮೆ ತಪ್ಪಿದರೆ ಹಣ ನಿಲ್ಲುತ್ತದೆ, ಮೂರು ಸಲ ತಪ್ಪಿದರೆ ಸತ್ತನೆಂದು ದಾಖಲಾಗುತ್ತದೆ. ಆ ಮನೆಯಲ್ಲಿ ಮೊಬೈಲೇ ಇರಲಿಲ್ಲ. ದಾಖಲೆಯಲ್ಲಿ ಮಾತ್ರ ನಂಬರ್ ಇತ್ತು, ಅದೇ ನಂಬರ್ ಇನ್ನೂ ಅರವತ್ತು ಜನರ ಹೆಸರಿನ ಮುಂದೆಯೂ ಇತ್ತು.

"ನಂಬರ್ ಹಾಕದಿದ್ರೆ ಅರ್ಜಿ ಮುಂದಕ್ಕೇ ಹೋಗಲ್ಲ," ಎಂದರು ಖಜಾನೆ ಅಧಿಕಾರಿ. "ನೂರಕ್ಕೆ ನೂರು ಮಾಡಿ ಅಂತ ಮೇಲಿಂದ ಒತ್ತಡ. ಯಾವುದೋ ಒಂದು ಹಾಕಿ ಅಂದೆ."

ಅವರ ಬೆನ್ನ ಹಿಂದೆ ನೂರಕ್ಕೆ ನೂರರ ಪ್ರಶಸ್ತಿಪತ್ರ ತೂಗುತ್ತಿತ್ತು. ಇನ್‌ಸ್ಪೆಕ್ಟರ್ ಆ ನಂಬರನ್ನು ಪೇದೆಗೆ ಕೊಟ್ಟರು.

12.05ಕ್ಕೆ ಪೇದೆ ಆ ನಂಬರಿಗೆ ಕರೆ ಮಾಡಿದ. ಮುಚ್ಚಿದ್ದ ನಗದು ಕಿಟಕಿಯ ಹಿಂದೆ ಫೋನು ಬಡಿದುಕೊಂಡಿತು. ಕಿಟಕಿಯ ಮುಂದೆ ಹನ್ನೊಂದು ಜನ ಮುದುಕರು ಸಾಲುಗಟ್ಟಿದ್ದರು, ಒಳಗೆ ಹಳೆಯ ಕ್ಯಾಷಿಯರ್ ಕೂತಿದ್ದ.

"ಫೋನ್ ಯಾರದು?"

"ನಂದೇ. ಯಾವುದೋ ಒಂದು ಹಾಕಿ ಅಂದ್ರು, ನಂದು ಹಾಕ್ದೆ."

"ಇವರೆಲ್ಲ ಯಾಕೆ ನಿಂತಿದ್ದಾರೆ?"

"ಬಂದು ಕೇಳಿದೋರ ಸಂಖ್ಯೆ ತಿರುಗಿ ಕಳಿಸ್ತೀನಿ."

"ಬರೋಕಾಗದೋರು?"

"ಬಂದು ಕೇಳ್ಬೇಕು."

"ಎಷ್ಟು ತಿಂದೆ?"

"ಒಂದು ಪೈಸೆ ಮುಟ್ಟಿಲ್ಲ ಸರ್."

ಅದು ನಿಜವೇ ಆಗಿತ್ತು. ಮಹಜರು ಬರೆದು ಫೋನು ಜಪ್ತಿ ಮಾಡಿದರು, 3.40ಕ್ಕೆ ಎಫ್‌ಐಆರ್ ದಾಖಲಾಯಿತು. ಸತ್ತವರನ್ನು ಬದುಕಿಸಲು ಕಂಪ್ಯೂಟರಿನಲ್ಲಿ ಅವಕಾಶವಿಲ್ಲ ಎಂದು ಅಧಿಕಾರಿ ರಾಗ ಎಳೆದರು. ಎರಡನೇ ಆರೋಪಿಯ ಜಾಗ ಖಾಲಿ ಇದೆ ಎಂದು ಇನ್‌ಸ್ಪೆಕ್ಟರ್ ಪಂಚನಾಮೆಯನ್ನು ಮೇಜಿನ ಮೇಲಿಟ್ಟರು. 4.50ಕ್ಕೆ ಮುದುಕನ ಖಾತೆಗೆ ಹಣ ಬಿತ್ತು.

ಕ್ಯಾಷಿಯರ್ ಹೇಳಿಕೆ ಬರೆಸಿದ: "ಇಪ್ಪತ್ತಾರು ವರ್ಷ ನಂಗೆ ನಮಸ್ಕಾರ ಹೇಳ್ದೆ ಯಾರೂ ದುಡ್ಡು ಇಸ್ಕೊಂಡಿಲ್ಲ. ಕಿಟಕಿ ಮುಚ್ಚಿದ ಮೇಲೆ ಒಂದು ನಾಯಿನೂ ನನ್ನ ಕಡೆ ತಿರುಗಿ ನೋಡ್ಲಿಲ್ಲ."

ದುಡ್ಡಿಗಾಗಿ ಮಾಡಿದ್ದರೆ ಇನ್‌ಸ್ಪೆಕ್ಟರಿಗೆ ಇಷ್ಟು ಹೇಸಿಗೆಯಾಗುತ್ತಿರಲಿಲ್ಲ.

5.30ಕ್ಕೆ ಕ್ಯಾಷಿಯರಿಗೆ ಬೇಡಿ ಹಾಕಿ ಜೀಪಿನತ್ತ ನಡೆಸಿದರು. ಸಾಲಿನಲ್ಲಿದ್ದ ಅಜ್ಜಿಯೊಬ್ಬಳು ಪೇದೆಯ ತೋಳು ಹಿಡಿದಳು.

"ಅವ್ರನ್ನ ಬಿಟ್ಬಿಡಪ್ಪಾ. ನಮಗೆ ಅನ್ನ ಹಾಕೋ ದೇವ್ರು ಅವ್ರು."

ಕ್ಯಾಷಿಯರ್ ಬೆನ್ನು ನೆಟ್ಟಗೆ ಮಾಡಿಕೊಂಡು ಅವಳತ್ತ ತಿರುಗಿದ.

"ಇವತ್ತು ಆಗಲ್ಲಮ್ಮ," ಎಂದ. "ನಾಳೆ ಬಾ."