ವಾಣಿ ಗುಡಿಸಿದ ಪಾತಿ

"ಅಯ್ಯೋ, ನನ್ನ ಬದನೆ ಗಿಡಕ್ಕೆ ಏನಾಯ್ತು!"

ವಾಣಿ ತನ್ನ ಪಾತಿ ಮುಂದೆ ಕುಕ್ಕರಿಸಿ ಕೂತುಬಿಟ್ಟಳು. ಸಸಿಗಳೆಲ್ಲಾ ಸೊರಗಿ ಮಣ್ಣಿಗೆ ಒರಗಿದ್ದವು. ಪಕ್ಕದಲ್ಲೇ ಅವಳ ಕ್ಲಾಸಿನ ಮೋಕ್ಷಿತ್‌ನ ಸಸಿಗಳು ಎದೆ ಸೆಟೆಸಿ ನಿಂತಿದ್ದವು. ನೋಡಿದರೆ ಹೊಟ್ಟೆ ಉರಿಯದೆ ಇರುತ್ತದೆಯೇ?

ದೊಡ್ಡಬೆಳವಂಗಲದ ಹತ್ತಿರದ ಈ ತೋಟ ವರಲಕ್ಷ್ಮಮ್ಮಜ್ಜಿಯದು. ಔಷಧಿ ಹೊಡೆಯದೆ, ಸೀಮೆಗೊಬ್ಬರ ಹಾಕದೆ ಬೆಳೆಯುವುದು ಹೇಗೆಂದು ಶನಿವಾರ ಮಧ್ಯಾಹ್ನ ಇಲ್ಲಿ ಯಾರು ಬೇಕಾದರೂ ಬಂದು ಕಲಿಯಬಹುದು. ದೊಡ್ಡಬಳ್ಳಾಪುರದಿಂದ ವಾಣಿಯ ಕ್ಲಾಸಿನವರೂ ಬರುತ್ತಾರೆ. ಒಬ್ಬೊಬ್ಬರಿಗೂ ಒಂದೊಂದು ಪಾತಿ.

"ಇಬ್ರೂ ಒಂದೇ ಸಮ ನೀರು ಹಾಕಿದ್ವಿ ಅಜ್ಜಿ! ನಾನು ಕ್ಲೀನೂ ಮಾಡಿದ್ದೆ. ಇವನು ಕಸ ಕೂಡ ತೆಗೆದಿಲ್ಲ!"

"ಕಸಾನಾ? ಯಾವ ಕಸ ಮಗ?" ಅಂದರು ಅಜ್ಜಿ.

"ತರಗೆಲೆ. ಹೋದ ವಾರ ಬಸ್ ಹತ್ತೋಕ್ ಮುಂಚೆ ಎಲ್ಲಾ ಗುಡಿಸ್ಬಿಟ್ಟೆ."

ಗುಡಿಸದೆ ಇರುವುದಾದರೂ ಹೇಗೆ? ವಾಣಿಯದು ಮಗ್ಗದ ಮನೆ. ಒಂದು ಚೂರು ಕಸ ಸೀರೆಗೆ ಅಂಟಿದರೂ ಅಮ್ಮ ಬಿಡುವವಳಲ್ಲ. ಪೊರಕೆ ಕಂಡರೆ ವಾಣಿಯ ಕೈ ಸುಮ್ಮನಿರುವುದಿಲ್ಲ.

ಮೋಕ್ಷಿತ್ ಕಿಸಕ್ಕನೆ ನಕ್ಕ. "ಲೇ, ಮಣ್ಣನ್ನೇ ಗುಡಿಸ್ತಾರೇನೇ? ಇನ್ನು ಒರೆಸೋದೊಂದು ಬಾಕಿ!"

ವಾಣಿಗೆ ಅಳು ಬಂತು. "ಸತ್ತೋದ್ವಾ ಅಜ್ಜಿ?"

"ತಾಳವ್ವ, ನೋಡಾಣ. ಮೊದ್ಲು ಇವನ ಪಾತಿಗೆ ಕೈ ಹಾಕು."

ವಾಣಿ ತರಗೆಲೆಯ ಅಡಿಗೆ ಬೆರಳು ತೂರಿಸಿದಳು. ಮೇಲೆ ಸುಡು ಸುಡು ಬಿಸಿಲು, ಒಳಗೆ ಮಡಕೆ ನೀರಿನ ಹಾಗೆ ತಣ್ಣಗೆ! ಒಂದು ಎಲೆ ಎತ್ತಹೋದಳು. ಅದು ಸಲೀಸಾಗಿ ಬರಲಿಲ್ಲ. ಎಲೆಯಡಿಯಿಂದ ಬೆಳ್ಳನೆಯ ಎಳೆಗಳು ಮಣ್ಣಿನೊಳಕ್ಕೆ ಇಳಿದಿದ್ದವು. ಹುಟ್ಟಿದಾಗಿನಿಂದ ದಾರ ನೋಡಿದ ಹುಡುಗಿ ಅವಳು. ಇಷ್ಟು ಸಣ್ಣ ಎಳೆಯನ್ನು ಎಲ್ಲೂ ಕಂಡಿರಲಿಲ್ಲ.

"ಅಬ್ಬಬ್ಬಾ! ಅಜ್ಜಿ, ಇದನ್ನ ಯಾರು ನೇಯ್ದಿದ್ದು?"

"ಅದು ಅಣಬೆ ಜಾತಿದು ಕಣವ್ವ. ಹಿಂಗೇ ಎಳೆ ಬಿಟ್ಕೊಂಡು ಎಲೇನ ಕರಗಿಸಿ ಮಣ್ಣು ಮಾಡ್ತದೆ. ಗಿಡಕ್ಕೆ ಅದೇ ಊಟ."

ಅಷ್ಟರಲ್ಲಿ ಒಂದು ಎರೆಹುಳು ಬೆಳಕಿಗೆ ಬೆದರಿ ಸರಕ್ಕನೆ ಒಳಗೆ ಹೋಯಿತು. ವಾಣಿ ಬಾಯಿ ಬಿಟ್ಟುಕೊಂಡು ನೋಡಿದಳು. ಮನೆಯಲ್ಲಿ ಪವರ್‌ಲೂಮ್ ಶುರುವಾದರೆ ಬೀದಿಗೆಲ್ಲಾ ಕೇಳುತ್ತದೆ. ಇಲ್ಲಿ ಇಷ್ಟೊಂದು ಕೆಲಸ ಆಗುತ್ತಿದೆ, ಒಂದಿಷ್ಟೂ ಸದ್ದೇ ಇಲ್ಲವಲ್ಲ!

ಎತ್ತಿದ ಎಲೆಯನ್ನು ಇದ್ದ ಹಾಗೇ ಮುಚ್ಚಿದಳು. ಬೇಲಿ ಪಕ್ಕ ತಾನೇ ಗುಡ್ಡೆ ಹಾಕಿದ್ದ ತರಗೆಲೆಯನ್ನು ಬುಟ್ಟಿಗೆ ತುಂಬಿಕೊಂಡು ಓಡಿ ಬಂದು ತನ್ನ ಪಾತಿಗೆ ಹರಡಿದಳು. ಮೋಕ್ಷಿತ್ ಯಾರೂ ಹೇಳದೆಯೇ ನೀರು ತಂದ.

ವಾರವೆಲ್ಲಾ ವಾಣಿಗೆ ಅದೇ ಯೋಚನೆ. ಮುಂದಿನ ಶನಿವಾರ ಬಸ್ ನಿಂತಿದ್ದೇ ತಡ, ಇಳಿದು ಓಡಿದಳು. ಎರಡು ಸಸಿ ಒಣಗಿ ಹೋಗಿದ್ದವು. ಮೂರು ಬದುಕಿದ್ದವು! ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

"ಬದುಕಿದ್ವಾ? ಲೇ ವಾಣಿ, ಬದುಕಿದ್ವಾ?" ಮೋಕ್ಷಿತ್ ಕಿರುಚಿಕೊಂಡೇ ಬಂದ.

ವಾಣಿ ತರಗೆಲೆಯ ಮೇಲೆ ಮೆತ್ತಗೆ ಅಂಗೈ ಇಟ್ಟುಕೊಂಡು ಕೂತಿದ್ದಳು.

"ಶ್! ಮೆಲ್ಲಗೆ ಕಣೋ," ಅಂದಳು. "ಒಳಗೆ ಕೆಲಸ ನಡೀತಿದೆ."